ಯಶೋದಳ ಹೆಸರಿನಲ್ಲಿ ಕಿತ್ತ ಹಣ್ಣು

ಕೊಡಿಗೇನಹಳ್ಳಿಯ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿರುವ ಭೀಮಕ್ಕನ ಮನೆಯಲ್ಲಿ ಟೀವಿ ಒಂದು, ಒಡೆಯರು ಮೂವರು. ಬೆಳಗಿನ ಭವಿಷ್ಯ ಭೀಮಕ್ಕನದು. ಸಂಜೆಯ ಧಾರಾವಾಹಿ ಸೊಸೆ ಯಶೋದಳದು. ಮಧುಗಿರಿ-ಹಿಂದೂಪುರದ ಪ್ರೈವೇಟ್ ಬಸ್ಸಿನಲ್ಲಿ ಕಂಡಕ್ಟರಾಗಿರುವ ಮಗ ರಾಮಾಂಜನೇಯನಿಗೆ ಮುದ್ದೆ ಮುರಿಯುವ ಹೊತ್ತಿನ ಸುದ್ದಿ. ಇಪ್ಪತ್ತೆರಡು ವರ್ಷಗಳಲ್ಲಿ ಅತ್ತೆ ಸೊಸೆ ಜಗಳವಿಲ್ಲದೆ ಮಾಡಿಕೊಂಡ ಒಪ್ಪಂದ ಇದೊಂದೇ. ಮಿಕ್ಕ ಎಲ್ಲಕ್ಕೂ ಜಗಳವಿತ್ತು, ಮುಖ್ಯವಾಗಿ ಮುದ್ದೆಗೆ. ಯಶೋದಳ ತೌರು ಐ.ಡಿ.ಹಳ್ಳಿ. ಅವಳು ತೊಳಸಿದ ಮುದ್ದೆ, ಭೀಮಕ್ಕನ ಪ್ರಕಾರ, ಗಟ್ಟಿಯಾದರೆ ಕಲ್ಲು, ಮೆತ್ತಗಾದರೆ ಅಂಬಲಿ. ಎರಡರ ನಡುವಿನ ದಾರಿ ಐ.ಡಿ.ಹಳ್ಳಿಯವರಿಗೆ ಗೊತ್ತೇ ಇಲ್ಲ.

ಹೀಗಿರುವಾಗ ಕಾರ್ತಿಕ ಮಾಸದಲ್ಲಿ ಟೀವಿಗೆ ನಾಲ್ಕನೆಯ ಒಡೆಯ ಬಂದ. ಸೋಪಿನ ಪೆಟ್ಟಿಗೆಯಷ್ಟಿದ್ದ ಒಂದು ಕಪ್ಪು ಡಬ್ಬಿ, ಅದಕ್ಕೊಂದು ಗಾಜಿನ ಕಣ್ಣು.

ಅಷ್ಟರಲ್ಲಿ ಮುದ್ದೆಯ ಜಗಳ ನಿಂತು ಏಳು ತಿಂಗಳಾಗಿತ್ತು. ಬೇಸಿಗೆಯಿಂದ ಬೆಂಗಳೂರಿನ ಆಸ್ಪತ್ರೆಯಲ್ಲಿ ಯಶೋದಳಿಗೆ ಮದ್ದಿನ ಸಲೈನು ಹಾಕಿಸಿದ್ದರು. ತಲೆಗೂದಲು ಹೋಯಿತು. ದೀಪಾವಳಿ ಕಳೆದ ಮೇಲೆ ಬಲಗಡೆಯ ಎದೆ ತೆಗೆದರು, ಕಂಕುಳನ್ನೂ ಕೊಯ್ದರು. ಇನ್ನು ಉಳಿದದ್ದು ರೇಡಿಯೇಷನ್, ಅಂದರೆ ಕರೆಂಟು. ಆ ಆಸ್ಪತ್ರೆಯ ವೆರಾಂಡದಲ್ಲಿ ಕೂತ ಎಲ್ಲ ಹಳ್ಳಿಯವರೂ ಅದನ್ನು ಕರೆಂಟು ಎಂದೇ ಕರೆಯುತ್ತಿದ್ದರು.

ವ್ಯಾಯಾಮ ಮಾಡಿಸುವ ಹುಡುಗಿ ರಮ್ಯಶ್ರೀ ಶಿರಾದವಳು. ಅವಳು ಭೀಮಕ್ಕನನ್ನು ಎದುರಿಗೆ ಕೂರಿಸಿಕೊಂಡು ಹೇಳಿದಳು: "ನೋಡಿ ಅಜ್ಜಿ, ಕರೆಂಟ್ ಕೊಡುವಾಗ ಟೇಬಲ್ ಮೇಲೆ ಮಲಗಿಸಿ ಬಲಗೈನ ಇಂಗೆ ತಲೆ ಮೇಲಕ್ಕೆ ಇಡಿಸ್ತಾರೆ. ಕಿವಿ ಪಕ್ಕಕ್ಕೆ ಬರ್ಬೇಕು. ಈಗ ಇವ್ರ ಕೈ ಸೊಂಟದಿಂದ ಮೇಲೇಳ್ತಿಲ್ಲ. ಏಳ್ದಿದ್ರೆ ಕರೆಂಟ್ ಕೊಡೋಕಾಗಲ್ಲ. ತಡ ಮಾಡಿದಷ್ಟೂ ಕಾಯಿಲೆಗೆ ಜಾಗ ಕೊಟ್ಟಂಗೆ."

"ಯಾವತ್ತು ಏಳ್ಬೇಕು ತಾಯಿ?"

"ಸಂಕ್ರಾಂತಿ ಆದ್ಮೇಲಿನ ಸೋಮವಾರ. ಎಂಟು ವಾರ ಇದೆ."

ಆಮೇಲೆ ಡಬ್ಬಿ ಕೊಟ್ಟಳು. ಅದನ್ನು ಟೀವಿಗೆ ಸಿಕ್ಕಿಸಿ ಎದುರು ನಿಂತರೆ ಪರದೆಯ ಮೇಲೊಂದು ಮರ ಬರುತ್ತದೆ. ಮರದ ತುಂಬ ಹಣ್ಣು. ಕೈ ಎತ್ತಿದಷ್ಟೂ ಪರದೆಯ ಕೈ ಮೇಲೇರುತ್ತದೆ, ಮುಟ್ಟಿದ ಹಣ್ಣು ಬುಟ್ಟಿಗೆ ಬೀಳುತ್ತದೆ. ಕೆಳಗಿನ ಕೊಂಬೆ ಮುಗಿದರೆ ಮಧ್ಯದ ಕೊಂಬೆ, ಆಮೇಲೆ ಮೇಲಿನದು. ದಿನಕ್ಕೆ ಎರಡು ಸಲ ಆಡಬೇಕು. ಎಷ್ಟು ಹಣ್ಣು, ಕೈ ಎಷ್ಟು ಡಿಗ್ರಿ ಎದ್ದಿತು ಎಂಬುದೆಲ್ಲ ಆಸ್ಪತ್ರೆಯ ಕಂಪ್ಯೂಟರಿಗೆ ತಾನಾಗಿ ಹೋಗುತ್ತದೆ.

"ನಮ್ಮನೆ ಒಳಗೆಲ್ಲ ಇಲ್ಲಿ ಕಾಣ್ತದಾ?" ಎಂದು ಭೀಮಕ್ಕ ಗಾಬರಿಯಾದಳು. ಮನೆಗೆ ಸುಣ್ಣ ಬಳಿಸಿ ಎರಡು ವರ್ಷವಾಗಿತ್ತು.

"ಮನೆ ಕಾಣಲ್ಲ, ಮುಖಾನೂ ಕಾಣಲ್ಲ ಅಜ್ಜಿ. ನಂಬರ್ ಮಾತ್ರ ಕಾಣುತ್ತೆ."

ರಾಮಾಂಜನೇಯ ನಗಾಡಿದ. "ಡಿಗ್ರಿ ಅಂತೆ. ನಮ್ಮನೇಲಿ ಡಿಗ್ರಿ ಓದ್ತಿರೋಳು ಮಗಳೊಬ್ಳೇ ಅಂದ್ಕಂಡಿದ್ದೆ." ಅವನು ಬೆಳಗಿನಿಂದ ನಕ್ಕಿರಲಿಲ್ಲ. ಹಾಗಾಗಿ ಉಳಿದವರೂ ನಕ್ಕರು.

ಆ ಮಗಳು ಸ್ನೇಹಲತಾ ತುಮಕೂರಿನ ಹಾಸ್ಟೆಲಿನಲ್ಲಿದ್ದು ಬಿ.ಕಾಂ. ಓದುತ್ತಿದ್ದಳು. ಶನಿವಾರ ಬಂದು ಭಾನುವಾರ ಸಂಜೆಯ ಬಸ್ಸಿಗೆ ಹೋಗುವವಳು. ಡಬ್ಬಿ ಜೋಡಿಸಿದವಳು ಅವಳೇ. ನಿಲ್ಲುವ ಜಾಗಕ್ಕೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದು, ಒತ್ತಬೇಕಾದ ಗುಂಡಿಗೆ ಅಜ್ಜಿಯ ಕುಂಕುಮ ಹಚ್ಚಿ ಗುರುತು ಮಾಡಿಟ್ಟಳು. ಗುಂಡಿ ಒತ್ತಿದರೆ ಒಳಗಿನಿಂದ ಒಂದು ಹೆಂಗಸಿನ ದನಿ, "ನಮಸ್ಕಾರ ಯಶೋದ. ಇಂದು ಹಣ್ಣುಗಳನ್ನು ಸಂಗ್ರಹಿಸೋಣ" ಎನ್ನುತ್ತಿತ್ತು.

"ನ್ಯೂಸ್ ಓದೋಳನ್ನ ಹಿಡ್ಕಂಡು ಬಂದು ಕೂಡಾಕವ್ರೆ," ಎಂದಳು ಭೀಮಕ್ಕ. ಮರವನ್ನೂ ಅವಳು ಒಪ್ಪಲಿಲ್ಲ. "ಎಲೆ ನೋಡಿದ್ರೆ ನೇರಳೆ, ಹಣ್ಣು ನೋಡಿದ್ರೆ ಟೊಮೆಟೊ. ನಲವತ್ತು ವರ್ಷ ಮೇಕೆ ಮೇಯ್ಸಿವ್ನಿ, ಇಂಥ ಮರ ಕಂಡಿಲ್ಲ."

ಮೇಕೆಗಳ ಮಾತು ಸುಳ್ಳಲ್ಲ. ಗಂಡ ನರಸಪ್ಪ ಇರುವ ತನಕ ಆ ಮನೆಯ ಕೊಟ್ಟಿಗೆಯಲ್ಲಿ ಎಪ್ಪತ್ತು ಮೇಕೆಗಳಿದ್ದವು. ಬೇಸಿಗೆಯಲ್ಲಿ ನೆಲದ ಮೇಲೆ ಹಸುರಿಲ್ಲದಾಗ ಭೀಮಕ್ಕ ಸೀರೆ ಕಚ್ಚೆ ಕಟ್ಟಿ, ತುದಿಗೆ ಕುಡುಗೋಲು ಬಿಗಿದ ದೋಟಿ ಹಿಡಿದು ಮರಮರದ ಸೊಪ್ಪು ಇಳಿಸುತ್ತಿದ್ದಳು. ನರಸಪ್ಪ ಸತ್ತ ಮೇಲೆ ಮೇಕೆಗಳು ಹೋದವು, ಕೊಟ್ಟಿಗೆಯಲ್ಲಿ ಮಗನ ಬೈಕು ನಿಂತಿತು. ಅರವತ್ತೊಂಬತ್ತರ ಭೀಮಕ್ಕನ ಮಂಡಿ ಸವೆದಿತ್ತು, ಹಲ್ಲು ಉದುರಿದ್ದವು. ತೋಳು ಮಾತ್ರ ಹಾಗೇ ಇತ್ತು.

ಮೊದಲ ವಾರ ಯಶೋದಳೇ ಆಡಿದಳು. ಗೆರೆಯ ಮೇಲೆ ನಿಂತು ತುಟಿ ಕಚ್ಚಿ ಕೈ ಎತ್ತುವಳು. ಕೆಳಗಿನ ಕೊಂಬೆಯ ನಾಲ್ಕು ಹಣ್ಣು ಕೀಳುವಷ್ಟರಲ್ಲಿ ಹಣೆ ಬೆವರುತ್ತಿತ್ತು. ಕಂಕುಳಿನಿಂದ ಮೊಣಕೈವರೆಗೆ ಒಳಗೆ ಹುರಿಹಗ್ಗ ಎಳೆದು ಕಟ್ಟಿದಂತೆ ನೋವು. ಆಟ ಮುಗಿದಾಗ ಡಬ್ಬಿ ಕೇಳುತ್ತಿತ್ತು: "ಇನ್ನೊಂದು ಸುತ್ತು ಆಡುವಿರಾ? ಆಡುವುದಾದರೆ ಬಲಗೈ ಎತ್ತಿ. ಬೇಡವಾದರೆ ಕೈ ಇಳಿಸಿ." ಯಶೋದ ಅಷ್ಟರಲ್ಲಿ ಚಾಪೆಯ ಮೇಲಿರುತ್ತಿದ್ದಳು.

ಪಕ್ಕದ ಮನೆಯ ದಾಸಮ್ಮ ಕಿಟಕಿಯಲ್ಲಿ ಇಣುಕಿದಳು. "ಏನ್ ಭೀಮಕ್ಕ, ಸೊಸೆ ವಿಡಿಯೋ ಗೇಮ್ ಆಡ್ತಾಳಂತೆ. ಮಗಳ ಮದ್ವೆ ಮಾಡೋ ವಯಸ್ನಾಗೆ."

"ನಿನ್ ಸೊಸೆ ಕೂತು ಜಗಳ ಆಡ್ತಾಳೆ. ನಮ್ಮೋಳು ನಿಂತು ಆಡ್ತಾಳೆ. ಹೋಗು."

ಸೊಸೆಯನ್ನು ಭೀಮಕ್ಕ ಬಾಣಂತಿಯ ಹಾಗೆ ಇಟ್ಟಿದ್ದಳು. ಕಿವಿಗೆ ಹತ್ತಿ, ಕುಡಿಯಲು ಬಿಸಿನೀರು, ಬೆಳ್ಳುಳ್ಳಿ ಸಾರು. ಒಂದು ಲೋಟ ಎತ್ತಲೂ ಬಿಡುತ್ತಿರಲಿಲ್ಲ. ಭಾನುವಾರ ಬಂದ ಸ್ನೇಹಲತಾ ಇದನ್ನು ನೋಡಿ ರೇಗಿದಳು.

"ಅಜ್ಜಿ, ಬಟ್ಟೆ ಒಣಹಾಕ್ಲಿ, ಗೋಡೆ ಹಿಡ್ಕೊಂಡು ಕೈ ಏರಿಸ್ಲಿ ಅಂತ ಮೇಡಂ ಹೇಳಿಲ್ವಾ? ನೀನು ಅಮ್ಮನ್ನ ಗೊಂಬೆ ಥರ ಕೂರಿಸಿದ್ದೀಯ."

"ಹಸಿ ಮೈ ಕಣವ್ವ. ಹೊಲಿಗೆ ಬಿಟ್ಕಂಡ್ರೆ ನಿಮ್ ಮೇಡಮ್ಮು ಬಂದು ಹೊಲೀತಾಳಾ?"

"ಹೊಲಿಗೆ ಬಿಚ್ಚಿ ಹತ್ತು ದಿನ ಆಯ್ತು."

"ಮೇಲಿಂದು ಬಿಚ್ಚವ್ರೆ. ಒಳಗಿಂದು ನಿನಗ್ಹೆಂಗೆ ಗೊತ್ತು?"

ಎರಡನೆಯ ವಾರದ ಬುಧವಾರ ಯಶೋದಳಿಗೆ ಜ್ವರ ಬಂತು. ಹಿಂದಿನ ದಿನವೂ ಆಡಿರಲಿಲ್ಲ. ಹನ್ನೊಂದು ಗಂಟೆಗೆ ರಮ್ಯಶ್ರೀಯ ಫೋನು. "ಯಶೋದಮ್ಮ, ನಿನ್ನೆ ಸೊನ್ನೆ. ಇವತ್ತೂ ಸೊನ್ನೆ ಆದ್ರೆ ಹೆಂಗೆ? ಒಂದು ದಿನ ಬಿಟ್ರೆ ಮೂರು ದಿನ ಹಿಂದಕ್ಕೆ ಹೋಗುತ್ತೆ ಕಣ್ರಿ." ಯಶೋದ ಹೂಂ ಎಂದಳು. ಫೋನು ಇಟ್ಟು ಗೋಡೆಗೆ ಮುಖ ಮಾಡಿ ಮಲಗಿ ಅತ್ತಳು. ಇಪ್ಪತ್ತೆರಡು ವರ್ಷ ಭೀಮಕ್ಕನ ಮಾತುಗಳನ್ನು ಒಣಗಣ್ಣಿನಲ್ಲಿ ಕೇಳಿದ್ದ ಸೊಸೆ ಅವಳು.

"ಅತ್ತೆ, ಇವತ್ತು ನನ್ ಕೈಲಾಗಲ್ಲ. ಕತ್ತರಿಸಿ ಹಾಕ್ಬುಡಿ ಈ ಕೈನ."

ಭೀಮಕ್ಕ ಸೊಸೆಯನ್ನೂ ಟೀವಿಯನ್ನೂ ನೋಡಿದಳು. ಆಮೇಲೆ ಸೆರಗು ಬಿಗಿದು, ಕಚ್ಚೆ ಕಟ್ಟಿ, ಗೆರೆಯ ಮೇಲೆ ಹೋಗಿ ನಿಂತು ಕುಂಕುಮದ ಗುಂಡಿ ಒತ್ತಿದಳು.

"ನಮಸ್ಕಾರ ಯಶೋದ," ಎಂದಿತು ಡಬ್ಬಿ.

"ಏನ್ಮಾಡ್ತಿದ್ದೀರಿ ಅತ್ತೆ?"

"ಸುಮ್ಕೆ ಮಲಕ್ಕ."

ಇದರಲ್ಲಿ ಭೀಮಕ್ಕನಿಗೆ ಮೋಸವೇನೂ ಕಾಣಲಿಲ್ಲ. ಅವಳು ಹುಟ್ಟಿದ್ದು ಪಾವಗಡದ ಕಡೆಯ ನಾಗಲಮಡಿಕೆಯಲ್ಲಿ. ರಾಮಾಂಜನೇಯನಿಗೆ ಐದು ವರ್ಷವಾಗಿದ್ದಾಗ ಮೈಯೆಲ್ಲ ಹುಣ್ಣಾಗಿ ಉಳಿಯುವುದು ಕಷ್ಟ ಎಂದಾಗಿತ್ತು. ಆಗ ಅವನ ಬದಲು ಇವಳು ಅಲ್ಲಿಯ ಸುಬ್ರಹ್ಮಣ್ಯನ ಗುಡಿಯ ಸುತ್ತ ಒದ್ದೆಬಟ್ಟೆಯಲ್ಲಿ ಉರುಳಿದ್ದಳು. ಪೂಜಾರಿ ಕೇಳಿದ್ದು ಒಂದೇ ಮಾತು: "ಯಾರ ಹೆಸರಲ್ಲಮ್ಮ?" ಮಗನ ಹೆಸರು ಹೇಳಿದಳು. ಹುಣ್ಣು ವಾಸಿಯಾಯಿತು. ಆ ಮಗ ಈಗ ದಿನಾ ಮುನ್ನೂರು ಜನಕ್ಕೆ ಟಿಕೇಟು ಹರಿಯುತ್ತಾನೆ. ಕೈಲಾಗದವರ ಸೇವೆಯನ್ನು ಕೈಲಾದವರು ಮಾಡಿದರೆ ದೇವರು ಬೇಡ ಎಂದದ್ದುಂಟೇ? ಈ ಡಬ್ಬಿಯೂ ಸರಿಯಾದ ಹೆಸರನ್ನೇ ಹಿಡಿದು ಕೂಗುತ್ತಿದೆ.

ಹದಿನಾರು ಹಣ್ಣು. ಕೆಳಗಿನದು, ಮಧ್ಯದ್ದು ಎರಡೂ ಕೊಂಬೆ ಬರಿದು. "ಅಭಿನಂದನೆಗಳು ಯಶೋದ. ನೀವು ಬಹಳ ಸುಧಾರಿಸಿದ್ದೀರಿ."

"ಇನ್ನೂ ಸುಧಾರಿಸ್ತಾಳೆ ನೋಡ್ತಿರು," ಎಂದಳು ಭೀಮಕ್ಕ, ಡಬ್ಬಿಗೆ.

ಗೋಡೆಯ ಕಡೆಯಿಂದ ಒಂದು ಸದ್ದು ಬಂತು. ಅಳುತ್ತಿದ್ದಾಳೆಂದು ಭೀಮಕ್ಕ ತಿರುಗಿ ನೋಡಿದರೆ ಯಶೋದ ಎದೆ ಹಿಡಿದುಕೊಂಡು ನಗುತ್ತಿದ್ದಳು.

"ನಗ್ಬೇಡ, ಒಳಗಿನ ಹೊಲಿಗೆ ಬಿಟ್ಕಂತದೆ."

ಜ್ವರ ಎರಡು ದಿನಕ್ಕೆ ಇಳಿಯಿತು. ನೋವು ಇಳಿಯಲಿಲ್ಲ. ಶುಕ್ರವಾರ ಭೀಮಕ್ಕನೇ ಆಡಿದಳು. ಸೋಮವಾರವೂ ಅವಳೇ. ಮಗ ಬೆಳಗಿನ ಬಸ್ಸಿಗೆ ಹೋದ ಮೇಲೆ ಬಾಗಿಲು ಮುಂದೆ ಮಾಡಿ ಗೆರೆಯ ಮೇಲೆ ನಿಲ್ಲುವಳು. ಯಶೋದ ಚಾಪೆಯ ಮೇಲೆ ಗೋಡೆಗೊರಗಿ ಕೂತು ದಾರಿ ಹೇಳುವಳು.

"ಎಡಕ್ಕೆ ಅತ್ತೆ. ಅಲ್ಲಲ್ಲ, ಮೇಲಿನ ಕೊಂಬೆ. ಆ ಎಲೆ ಹಿಂದೈತಲ್ಲ, ಅದು."

"ಕಾಣ್ತು ಬುಡು. ನೀನು ಹೇಳೋದ್ರೊಳಗೆ ಮೇಕೆ ಆಗಿದ್ರೆ ತಿಂದು ಮೆಲುಕು ಹಾಕಿರೋದು."

ಆಟ ಮುಗಿದ ಮೇಲೆ ಒಟ್ಟಿಗೆ ಊಟ. ಮೊದಲೆಲ್ಲ ಅತ್ತೆ ಉಂಡೆದ್ದ ಮೇಲೆ ಸೊಸೆ ಉಣ್ಣುತ್ತಿದ್ದಳು. ಈಗ ಎರಡು ತಟ್ಟೆ ಅಕ್ಕಪಕ್ಕ. ಒಂದು ದಿನ ಯಶೋದ ಎಡಗೈಯಲ್ಲಿ ಮುದ್ದೆ ಮುರಿದು ಸಾರಿಗದ್ದಿ ನುಂಗಿ, "ಅತ್ತೆ, ತಪ್ಪು ತಿಳೀಬೇಡಿ. ಇವತ್ತು ಐ.ಡಿ.ಹಳ್ಳಿ ಮುದ್ದೆ ಆಗ್ಬುಟ್ಟೈತೆ" ಎಂದಳು. ಭೀಮಕ್ಕ ತನ್ನ ತುತ್ತನ್ನು ಹಿಸುಕಿ ನೋಡಿದಳು. ಕಲ್ಲಾಗಿತ್ತು. "ರಾಗಿ ಸರಿ ಇಲ್ಲ," ಎಂದಳು. ಇಪ್ಪತ್ತೆರಡು ವರ್ಷ ಇದೇ ಮಾತನ್ನು ಯಶೋದ ಹೇಳುತ್ತಿದ್ದಳು, ಯಾರೂ ನಂಬಿರಲಿಲ್ಲ. ಇಬ್ಬರೂ ನಕ್ಕರು.

ಆ ಮನೆಯಲ್ಲಿ ಅವರಿಬ್ಬರಿಗೂ ಅಂಥ ದಿನಗಳು ಹಿಂದೆ ಬಂದಿರಲಿಲ್ಲ.

ಯಶೋದಳಿಗೆ ಒಳಗೊಳಗೇ ಅಳುಕಿತ್ತು. "ಅತ್ತೆ, ಹಣ್ಣೇನೋ ಬೀಳ್ತಾವೆ. ನನ್ ಕೈ ಏಳ್ತಿಲ್ವಲ್ಲ."

"ಸಂಕ್ರಾಂತಿಗಿನ್ನೂ ದಿನ ಐತೆ. ನೋವು ಒಸಿ ಇಳೀಲಿ. ಇಳಿದ್ಮೇಲೆ ನೀನೇ ಆಡೀಯಂತೆ. ಅಲ್ಲೀಗಂಟ ನಂಬರ್ ಬೀಳ್ದಂಗೆ ನಾನು ನೋಡ್ಕತೀನಿ."

ಅಂಕಗಳು ಬೀಳಲಿಲ್ಲ. ಮೂರನೆಯ ವಾರ ಬೆಂಗಳೂರಿಗೆ ಹೋಗಿ ಕೈ ತೋರಿಸಿ ಬರಬೇಕಿತ್ತು. ಹಿಂದಿನ ದಿನ ರಮ್ಯಶ್ರೀಯೇ ಫೋನು ಮಾಡಿದಳು. "ಯಶೋದಮ್ಮ, ನಮ್ ಪೇಷಂಟ್‌ಗಳಲ್ಲಿ ನೀವೇ ಫಸ್ಟು. ಅಷ್ಟು ದೂರದಿಂದ ಸುಮ್ನೆ ಬಸ್ಸಲ್ಲಿ ಕುಲುಕ್ಕೊಂಡು ಬರ್ಬೇಡಿ. ಸಂಕ್ರಾಂತಿ ಆದ್ಮೇಲೆ ಸೀದಾ ಕರೆಂಟಿಗೇ ಬನ್ನಿ. ಆದ್ರೆ ಶನಿವಾರ ಭಾನುವಾರ ಯಾಕೆ ಅಷ್ಟು ಕಮ್ಮಿ ಆಗುತ್ತೆ? ಮಗಳು ಬಂದ್ರೆ ಸೋಮಾರಿ ಆಗ್ತೀರಾ?"

ರಾಮಾಂಜನೇಯ ಆ ಸುದ್ದಿಯನ್ನು ಮಧುಗಿರಿಯಿಂದ ಹಿಂದೂಪುರದವರೆಗೆ ಪ್ರತಿ ಸ್ಟಾಪಿನಲ್ಲೂ ಇಳಿಸಿದ. "ನಮ್ಮನೆಯೋಳು ಬೆಂಗಳೂರಿಗೇ ಫಸ್ಟು. ಆಡೋದ್ರಲ್ಲಿ." ಸಂಜೆ ಬರುವಾಗ ಹಿಂದೂಪುರದಿಂದ ಬೂಂದಿ ಲಾಡು ತಂದು ಹೆಂಡತಿಯ ಬಾಯಿಗೆ ತಾನೇ ಇಟ್ಟ. ಯಶೋದಳಿಗೆ ಅದು ಗಂಟಲಲ್ಲಿ ಇಳಿಯಲಿಲ್ಲ. ಭೀಮಕ್ಕನಿಗೆ ಇಳಿಯಿತು. ಕಿತ್ತವಳು ಅವಳೇ ತಾನೆ.

ಸಿಕ್ಕಿಬೀಳುವ ಹಾಗಾದದ್ದು ಒಂದು ಭಾನುವಾರ. ಸ್ನೇಹಲತಾ ಮೊಬೈಲಿನಲ್ಲಿ ಅಂಕಗಳ ಪಟ್ಟಿ ತೆಗೆದು ಊಟದ ಹೊತ್ತಿನಲ್ಲಿ ಕೂತಳು.

"ಸೋಮವಾರದಿಂದ ಶುಕ್ರವಾರದ ತನಕ ಇಪ್ಪತ್ತು ಹಣ್ಣು, ಇಪ್ಪತ್ತೆರಡು ಹಣ್ಣು. ನಿನ್ನೆ ನಾಲ್ಕು, ಇವತ್ತು ಮೂರು. ಇದೆಂಥದ್ದು ಅಜ್ಜಿ?"

"ನೀನು ಪರೀಕ್ಷೆ ಮಾಡೋಳಂಗೆ ಎದುರಿಗೆ ನಿಂತ್ಕಂಡ್ರೆ ಯಾರಿಗೆ ಕೈ ಎದ್ದೀತು?"

"ಅಮ್ಮ, ಆ ಹುಣಸೆಹಣ್ಣಿನ ಡಬ್ಬ ಇಳಿಸು ನೋಡೋಣ. ಬಲಗೈಲಿ."

ಡಬ್ಬ ಅಡುಗೆಮನೆಯ ಮೇಲಿನ ಹಲಗೆಯ ಮೇಲಿತ್ತು. ಯಶೋದ ತಟ್ಟೆ ನೋಡುತ್ತ ಕೂತಳು. ಭೀಮಕ್ಕ ಎದ್ದು ಹೋಗಿ ಒಂದೇ ಕೈಯಲ್ಲಿ ಡಬ್ಬ ಇಳಿಸಿ ಮೊಮ್ಮಗಳ ಮುಂದೆ ಕುಕ್ಕಿದಳು. "ತಗ. ಎಷ್ಟು ತಿಂತೀಯೋ ತಿನ್ನು ಹುಣಸೆಹಣ್ಣ."

"ನಾನು ಅಮ್ಮನ್ನ ಕೇಳಿದ್ದು."

"ಉಣ್ಣೋ ಹೊತ್ನಾಗೆ ಲಾಯರಿಕೆ ಮಾಡ್ಬೇಡ ಕಣಮ್ಮ," ಎಂದ ರಾಮಾಂಜನೇಯ. "ಮೇಡಮ್ಮೇ ಫಸ್ಟು ಅಂದವ್ರೆ. ನಿನಗಿಂತ ಗೊತ್ತಿಲ್ವಾ ಅವ್ರಿಗೆ?"

ಸ್ನೇಹಲತಾ ಅರ್ಧ ಊಟಕ್ಕೆ ಎದ್ದಳು. ಅವಳು ಹೋದ ಮೇಲೆ ಸೋಮವಾರ ಯಶೋದ ತಾನೇ ಗೆರೆಯ ಮೇಲೆ ಹೋಗಿ ನಿಂತಳು. ಕೈ ಎದೆಯ ಮಟ್ಟಕ್ಕೆ ಬಂತು. ಅಲ್ಲಿಂದ ಮೇಲಕ್ಕೆ ಯಾರೋ ಬೀಗ ಹಾಕಿದ್ದರು. ಎರಡನೆಯ ಸಲ ಎತ್ತುವಾಗ ಕೂಗಿಕೊಂಡಳು. ಭೀಮಕ್ಕ ಒಲೆಯ ಮುಂದಿನಿಂದ ಓಡಿಬಂದು, ತೋಳು ಹಿಡಿದು ಕೂರಿಸಿ, "ವದ್ದು ತಲ್ಲಿ, ವದ್ದು" ಎಂದಳು. ತೀರ ಹೆದರಿದಾಗ ಅವಳ ಬಾಯಿಗೆ ತೌರಿನ ಕಡೆಯ ತೆಲುಗು ಬರುತ್ತಿತ್ತು. ಬೇಡ ತಾಯಿ, ಬೇಡ. ಅವತ್ತು ಭೀಮಕ್ಕನ ಕೈಗೆ ಇಪ್ಪತ್ತನಾಲ್ಕು ಹಣ್ಣು ಬಿದ್ದವು, ಮೇಲಿನ ಕೊಂಬೆಯೂ ಬರಿದಾಯಿತು. ಅದಕ್ಕಿಂತ ಹೆಚ್ಚು ಆ ಮರದಲ್ಲಿ ಹಣ್ಣೇ ಇರಲಿಲ್ಲ.

ಸಂಕ್ರಾಂತಿ ಬಂತು. ಎಳ್ಳು ಬೀರಲು ಯಾರೂ ಹೋಗಲಿಲ್ಲ. ಸೋಮವಾರ ಮೊದಲ ಬಸ್ಸಿಗೆ ಮೂವರೂ ಹೊರಟರು.

ಆಸ್ಪತ್ರೆಯಲ್ಲಿ ರಮ್ಯಶ್ರೀ ಅಂಕಗಳ ಹಾಳೆ ಹಿಡಿದು ಮದುವೆಮನೆಯವಳಂತೆ ಓಡಾಡುತ್ತಿದ್ದಳು. ಕರೆಂಟಿನ ಡಾಕ್ಟರಿಗೆ ತೋರಿಸಿದಳು. "ನೂರ ಎಪ್ಪತ್ತು ಡಿಗ್ರಿ ಸರ್." ಯಶೋದಳನ್ನು ಟೇಬಲ್ ಮೇಲೆ ಮಲಗಿಸಿದರು.

"ಹೂಂ, ಯಶೋದಮ್ಮ. ಹಣ್ಣು ಕೀಳೋ ಥರ."

ಯಶೋದ ಕಣ್ಣು ಮುಚ್ಚಿಕೊಂಡು ಎತ್ತಿದಳು. ಕೈ ಭುಜದ ಮಟ್ಟಕ್ಕೂ ಬರದೆ ನಿಂತಿತು. ರಮ್ಯಶ್ರೀ ಮೆಲ್ಲಗೆ ಕೆಳಗಿನಿಂದ ಒತ್ತಿದಳು. ಯಶೋದಳ ಬಾಯಿಂದ ಬಂದ ದನಿಗೆ ಬಾಗಿಲ ಹೊರಗಿದ್ದ ರಾಮಾಂಜನೇಯ ಒಳಗೆ ಬಂದುಬಿಟ್ಟ.

ಡಾಕ್ಟರು ಹಾಳೆ ನೋಡಿದರು, ಕೈ ನೋಡಿದರು. "ಈ ಕೈ ಇಟ್ಕೊಂಡು ನಾನು ಕೊಡೋಕಾಗಲ್ಲ. ಮೊದ್ಲು ಇದನ್ನ ಸರಿ ಮಾಡ್ಸಿ," ಎಂದು ಹೊರಗೆ ಹೋದರು. ಸಾಲಿನಲ್ಲಿ ಇನ್ನೂ ಹದಿನೈದು ಜನರಿದ್ದರು.

"ಹಂಗಾದ್ರೆ ಈ ಹಣ್ಣೆಲ್ಲ ಯಾರು ಕಿತ್ತಿದ್ದು?" ರಮ್ಯಶ್ರೀಗೆ ಅರ್ಥವಾಗಲಿಲ್ಲ.

ಭೀಮಕ್ಕ ಬಾಯಿ ತೆರೆದಳು. ಟೇಬಲ್ಲಿನಿಂದ ಯಶೋದಳ ಎಡಗೈ ಬಂದು ಅವಳ ಮಣಿಕಟ್ಟನ್ನು ಹಿಡಿಯಿತು.

"ನಾನೇ ಮೇಡಮ್ಮೋರೆ. ಟೀವಿಗೆ ಬೆನ್ನು ಮಾಡಿ ನಿಂತ್ಕಂಡು ಎಡಗೈಲಿ ಕೀಳ್ತಿದ್ದೆ. ಅದಕ್ಕೆ ಗೊತ್ತಾಗ್ತಿರ್ಲಿಲ್ಲ."

ಎಷ್ಟು ಅಚ್ಚುಕಟ್ಟಾದ ಸುಳ್ಳೆಂದರೆ ರಮ್ಯಶ್ರೀ ಹಾಗೆ ಆಗುತ್ತದೆಯೇ ಎಂದು ಮನಸ್ಸಿನಲ್ಲೇ ತಿರುಗಿ ನಿಂತು ನೋಡಿಕೊಂಡಳು. ಆಗುವಂತಿತ್ತು; ಬೆನ್ನು ತಿರುಗಿಸಿದರೆ ಡಬ್ಬಿಯ ಕಣ್ಣಿಗೆ ಎಡಗೈಯೇ ಬಲಗೈ. ಅವಳು ಕುರ್ಚಿಯ ಮೇಲೆ ಕೂತುಬಿಟ್ಟಳು. "ಮೂರನೇ ವಾರ ನಾನು ಕರೆಸ್ಬೇಕಿತ್ತು," ಎಂದಳು.

ವಾಪಸ್ಸಿನ ಬಸ್ಸಿನಲ್ಲಿ ಕೊರಟಗೆರೆ ದಾಟಿದ ಮೇಲೆ ರಾಮಾಂಜನೇಯ ಬಿಟ್ಟೂಬಿಡದೆ ಮಾತಾಡಿದ.

"ಯಾರಿಗೆ ಮೋಸ ಮಾಡ್ದೆ ನೀನು? ಆ ಡಬ್ಬಿಗಾ? ನನಗಾ? ಊರೆಲ್ಲ ಹೇಳ್ಕಂಡು ಬಂದ್ನಲ್ಲ, ನಾಚಿಕೆ ಆಗ್ಲಿಲ್ವಾ ಲಾಡು ತಿನ್ನೋವಾಗ?"

ಯಶೋದ ಕಿಟಕಿಯ ಹೊರಗೆ ನೋಡುತ್ತಿದ್ದಳು.

"ಹೇಳವ್ವ, ನೀನಾದ್ರೂ ಮನೇಲಿದ್ದೆ. ನಿನ್ ಕಣ್ಣಿಗೆ ಬೀಳ್ಲಿಲ್ವಾ?"

ಭೀಮಕ್ಕ ಚೀಲದಿಂದ ನೀರಿನ ಬಾಟಲಿ ತೆಗೆದು ಮಗನಿಗೆ ಕೊಟ್ಟಳು. ಅಷ್ಟೇ.

ಮಾರನೆಯ ಬೆಳಿಗ್ಗೆ ಅವಳು ಸೊಸೆಯನ್ನು ಕೇಳಿದಳು. "ಯಾಕಂಗಂದೆ?"

"ನೀವು ಅಂತ ಅಂದಿದ್ರೆ ಅವ್ರು ನಿಮ್ಮನ್ನ ಸಾಯೋಗಂಟ ಅಂತಿದ್ರು. ನನ್ನಾದ್ರೆ ಕಾಯಿಲೆಯೋಳು ಅಂತ ಎರಡು ದಿನಕ್ಕೆ ಬುಡ್ತಾರೆ." ಬಲಗೈಯನ್ನು ಮಡಿಲಿಗೆ ಎಳೆದುಕೊಂಡು, "ಬೇಡ ಅನ್ನದಂಗೆ ಮಲಗಿದ್ದೋಳು ನಾನೇ ಅಲ್ವಾ ಅತ್ತೆ" ಎಂದಳು.

ಅವತ್ತಿನಿಂದ ಆಟ ಬೇರೆಯಾಯಿತು. ವಾರಕ್ಕೆರಡು ದಿನ ಮಧುಗಿರಿಯ ಆಸ್ಪತ್ರೆಯಲ್ಲಿ ಕೈ ತಿರುವಿಸುವುದು, ಉಳಿದ ದಿನ ಮನೆಯಲ್ಲಿ ಡಬ್ಬಿ. ಗೆರೆಯ ಮೇಲೆ ಯಶೋದ, ಅವಳ ಹಿಂದೆ ಭೀಮಕ್ಕ. "ಸಾಕು ಅತ್ತೆ" ಎಂದರೆ ಭೀಮಕ್ಕ ಕೇಳಲಿಲ್ಲ. ಮೊಣಕೈಗೆ ತನ್ನ ಅಂಗೈ ಕೊಟ್ಟು ಮೇಲಕ್ಕೆ ನೂಕಿದಳು. ಕಿವಿಯ ಹತ್ತಿಯನ್ನು ಕಿತ್ತೆಸೆದಳು. ಹಗ್ಗ ಎತ್ತರಿಸಿ ಕಟ್ಟಿಸಿ ಬಟ್ಟೆಯನ್ನೆಲ್ಲ ಅವಳ ಕೈಯಲ್ಲೇ ಒಣಹಾಕಿಸಿದಳು. ಒಂದು ದಿನ ಯಶೋದ ನೋವು ತಾಳಲಾರದೆ, "ನಿಮಗೆ ಎದೆಯೊಳಗೆ ಏನಿಲ್ವಾ ಅತ್ತೆ? ಅವತ್ತು ಮಲಕ್ಕ ಅಂದೋರೂ ನೀವೇ" ಎಂದಳು.

"ಹೂಂ, ನಾನೇ. ಎತ್ತು."

ಪಕ್ಕದ ದಾಸಮ್ಮ ಬೀದಿಯಲ್ಲಿ, ಭೀಮಕ್ಕ ಕಾಯಿಲೆಯ ಸೊಸೆಯನ್ನು ಹಿಂಸೆ ಮಾಡುತ್ತಾಳೆಂದು ಹೇಳಿಕೊಂಡು ಬಂದಳು. ಬೀದಿ ನಂಬಿತು.

ಒಂಬತ್ತು ವಾರವಾಯಿತು. ಯುಗಾದಿಯ ಹಿಂದಿನ ದಿನ ಯಶೋದ ಮೇಲಿನ ಕೊಂಬೆಯ ಒಂದು ಹಣ್ಣು ಕಿತ್ತಳು. ಡಬ್ಬಿ ಅಭಿನಂದಿಸಲಿಲ್ಲ. ಅದರ ಪ್ರಕಾರ ಡಿಸೆಂಬರಿನಲ್ಲೇ ಯಶೋದ ಇಪ್ಪತ್ತನಾಲ್ಕು ಕಿತ್ತಿದ್ದಳು. "ನಿಮ್ಮ ಸಾಧನೆ ಕಡಿಮೆಯಾಗುತ್ತಿದೆ, ಪ್ರಯತ್ನ ಮುಂದುವರಿಸಿ," ಎಂದಿತು. ಅತ್ತೆ ಸೊಸೆ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು.

ಯುಗಾದಿಯಾದ ಮೇಲೆ ಕರೆಂಟು ಕೊಟ್ಟರು. ಇಪ್ಪತ್ತೈದು ದಿನ ಯಶೋದ ಟೇಬಲ್ಲಿನ ಮೇಲೆ ಕಿವಿಯ ಪಕ್ಕಕ್ಕೆ ಕೈ ಇಟ್ಟು ಅಲುಗಾಡದೆ ಮಲಗಿದಳು. ಆಷಾಢದಲ್ಲಿ ಕತ್ತಿನ ಬುಡದಲ್ಲಿ, ಕಾಲರ್ ಮೂಳೆಯ ಮೇಲೆ, ಕಡಲೆಕಾಳಿನಷ್ಟು ಗಂಟು ಸಿಕ್ಕಿತು. ಶ್ರಾವಣದಲ್ಲಿ ಸ್ಕ್ಯಾನ್ ಮಾಡಿಸಿದಾಗ ಲಿವರಿನಲ್ಲೂ ಇದೆ ಎಂದರು.

"ಕರೆಂಟು ತಡ ಆಗಿದ್ದಕ್ಕೇ ಇಂಗಾಯ್ತಾ ಸಾರ್?" ರಾಮಾಂಜನೇಯ ಕೇಳಿದ.

ಡಾಕ್ಟರು ಪ್ರಾಮಾಣಿಕರು. "ಅದಕ್ಕೇ ಆಯ್ತು ಅಂತ ಹೇಳೋಕೆ ಬರಲ್ಲ. ಅದಕ್ಕಲ್ಲ ಅಂತಾನೂ ಹೇಳೋಕೆ ಬರಲ್ಲ."

ಬಾಗಿಲ ಬಳಿ ನಿಂತಿದ್ದ ಭೀಮಕ್ಕ ಆ ಎರಡು ಮಾತುಗಳಲ್ಲಿ ಒಂದನ್ನು ಮಾತ್ರ ಮನೆಗೆ ತಂದಳು.

ಮಹಾನವಮಿಯ ಹೊತ್ತಿಗೆ ಯಶೋದ ಗಂಜಿಯನ್ನಷ್ಟೇ ಕುಡಿಯುತ್ತಿದ್ದಳು. ರಾಮಾಂಜನೇಯ ಕೆಲಸಕ್ಕೆ ರಜೆ ಹಾಕಿ ಪಕ್ಕದಲ್ಲೇ ಕೂತ. ಅವನಿಗೆ ಸಿಟ್ಟು ಬರುತ್ತಿತ್ತು, ಸಿಟ್ಟಿನ ಹಿಂದೆಯೇ ಅಳು. "ಎಡಗೈಲಿ ಆಡ್ದಲ್ಲೇ, ದಡ್ಡಿ," ಎನ್ನುವನು. ಯಶೋದ ಹೂಂ ಎನ್ನುವಳು. ಎರಡು ದಿನಕ್ಕೆ ಬಿಡುತ್ತಾರೆಂದು ಅವಳು ಹಾಕಿದ್ದ ಲೆಕ್ಕ ತಪ್ಪಿತ್ತು. ಭೀಮಕ್ಕ ಬಟ್ಟಲು ಹಿಡಿದು ಬಂದವಳು ಹೊಸಿಲ ಮೇಲೆ ನಿಲ್ಲುವಳು. ಯಶೋದ ಅವಳ ಕಡೆ ನೋಡಿ, ಬೇಡ ಎನ್ನುವಂತೆ ತಲೆಯನ್ನು ಇಷ್ಟೇ ಇಷ್ಟು ಆಡಿಸುವಳು.

ಕಾರ್ತಿಕದ ಎರಡನೆಯ ಸೋಮವಾರ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಆಟದ ಹೊತ್ತಿನಲ್ಲಿ, ಯಶೋದ ತೀರಿಕೊಂಡಳು.

ತಿಥಿ ಮುಗಿದು ನೆಂಟರು ಹೋದ ಮೇಲೆ ರಮ್ಯಶ್ರೀ ಫೋನು ಮಾಡಿದಳು. ಅವಸರವೇನಿಲ್ಲ, ಆ ಡಬ್ಬಿ ಇನ್ನೊಬ್ಬರಿಗೆ ಬೇಕಾಗಿದೆ ಎಂದಳು. ಒಂದು ಸಲ ಆನ್ ಮಾಡಿ, ಹೆಸರು ಅಳಿಸಿ ಕಳಿಸಬೇಕಂತೆ.

ಸ್ನೇಹಲತಾ ಟೀವಿಯ ಮುಂದೆ ಕೂತಳು. ಕುಂಕುಮ ಎಂದೋ ಅಳಿಸಿಹೋಗಿತ್ತು. ಗುಂಡಿ ಒತ್ತಿದಳು. ಪರದೆಯ ಮೇಲೆ ಮರ ಬಂತು, ಅದರ ಕೆಳಗೆ ಒಂದು ಸಾಲು: ನಿಮ್ಮ ಅತ್ಯುತ್ತಮ ಸಾಧನೆ, 24 ಹಣ್ಣುಗಳು.

ರಾಮಾಂಜನೇಯ ಅದನ್ನು ಓದಿದ. "ನೋಡು ನಿಮ್ಮಮ್ಮನ ಬುದ್ಧಿನ. ಅಷ್ಟನ್ನೂ ಬಲಗೈಲಿ ಆಡಿದ್ರೆ ಇವತ್ತು ಇಲ್ಲಿ ಕೂತಿರೋಳು. ತನ್ನ ಕೈಯಾರೆ ಕಳ್ಕಂಡ್ಳು."

ಭೀಮಕ್ಕ ಒಳಗೆ ಮುದ್ದೆ ತೊಳಸುತ್ತಿದ್ದಳು. ಕೋಲಿನ ಸದ್ದು ನಿಂತಿತು. ಒಲೆ ಆರಿಸಿ ಹೊರಗೆ ಬಂದಳು. ಸೆರಗು ಬಿಗಿದಳು. ಕಚ್ಚೆ ಕಟ್ಟಿದಳು.

"ಸರ್ಕ ಸ್ನೇಹಾ," ಎಂದಳು.

ಸೀಮೆಸುಣ್ಣದ ಗೆರೆ ಉಳಿದಿರಲಿಲ್ಲ. ಆದರೂ ಅವಳ ಪಾದಗಳು ಅದೇ ಜಾಗಕ್ಕೆ ಹೋಗಿ ನಿಂತವು.

"ನಮಸ್ಕಾರ ಯಶೋದ," ಎಂದಿತು ಡಬ್ಬಿ. "ಇಂದು ಹಣ್ಣುಗಳನ್ನು ಸಂಗ್ರಹಿಸೋಣ."

ಕೆಳಗಿನ ಕೊಂಬೆ, ಮಧ್ಯದ ಕೊಂಬೆ. ಎಪ್ಪತ್ತರ ಮುದುಕಿ ಒಂದು ಹಣ್ಣನ್ನೂ ತಪ್ಪಿಸಲಿಲ್ಲ. ಎಲೆಯ ಹಿಂದಿನದನ್ನು ಯಾರೂ ಹೇಳದೆಯೇ ಕಿತ್ತಳು. ಸ್ನೇಹಲತಾ ಎದ್ದು ನಿಂತಳು. ರಾಮಾಂಜನೇಯ ಪರದೆಯನ್ನು ನೋಡುತ್ತಿದ್ದವನು ತಾಯಿಯ ತೋಳನ್ನು ನೋಡತೊಡಗಿದ. ಹದಿನಾರು, ಇಪ್ಪತ್ತು, ಇಪ್ಪತ್ತನಾಲ್ಕು. ಮರ ಬರಿದಾಯಿತು.

"ಅಭಿನಂದನೆಗಳು ಯಶೋದ. ಹನ್ನೊಂದು ತಿಂಗಳ ನಂತರ ನಿಮ್ಮ ಅತ್ಯುತ್ತಮ ಸಾಧನೆಯನ್ನು ಮತ್ತೆ ತಲುಪಿದ್ದೀರಿ."

"ನೇನೇ ರಾ," ಎಂದಳು ಭೀಮಕ್ಕ, ಮಗನ ಕಡೆ ತಿರುಗದೆ. "ನಾನೇ ಕಣ್ಲಾ. ಅಷ್ಟೂ ನಾನೇ ಕಿತ್ತಿದ್ದು. ಅವ್ಳು ಎಡಗೈಲೂ ಆಡ್ಲಿಲ್ಲ, ಬಲಗೈಲೂ ಆಡ್ಲಿಲ್ಲ. ನಾನೇ ಮಲಗಿಸಿದ್ದು."

ರಾಮಾಂಜನೇಯ ಎದ್ದ. ಚಪ್ಪಲಿ ಹಾಕಿಕೊಳ್ಳದೆ ಹೊರಗೆ ಹೋಗಿ ಕೊಟ್ಟಿಗೆಯ ಕಂಬ ಹಿಡಿದು ನಿಂತ.

"ಇನ್ನೊಂದು ಸುತ್ತು ಆಡುವಿರಾ?" ಡಬ್ಬಿ ಕೇಳಿತು. "ಆಡುವುದಾದರೆ ಬಲಗೈ ಎತ್ತಿ. ಬೇಡವಾದರೆ ಕೈ ಇಳಿಸಿ."

"ಕೈ ಇಳಿಸಜ್ಜಿ," ಎಂದಳು ಸ್ನೇಹಲತಾ.

ಭೀಮಕ್ಕನ ಕೈ ಮೇಲಿನ ಕೊಂಬೆಗೆ ಏರಿದ್ದು ಹಾಗೇ ಇತ್ತು. ಸ್ನೇಹಲತಾ ಅದನ್ನು ಹಿಡಿದು ಇಳಿಸಲು ನೋಡಿದಳು. ಇಳಿಯಲಿಲ್ಲ.

ಡಬ್ಬಿ ಸ್ವಲ್ಪ ಹೊತ್ತು ಕಾಯಿತು. ಆಮೇಲೆ ಮರದ ತುಂಬ ಮತ್ತೆ ಹಣ್ಣು ಬಂದವು.